ಪದಚರ್ಚೆ: ದುರಂತ ನಾಯಕನದು 'ದೋಷ'ವೋ, 'ತಪ್ಪೋ'?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಹಳೆಯ ನಾಟಕಗಳನ್ನು ಒಟ್ಟಿಗೆ ಕೂತು ಓದುವ ಸಣ್ಣ ಗುಂಪೊಂದರಲ್ಲಿ ನಾನೂ ಇದ್ದೇನೆ. ಪ್ರತಿ ನಾಟಕಕ್ಕೂ ಎರಡು ಪುಟದ ಟಿಪ್ಪಣಿ ಬರೆದು ಹಂಚುವ ಕೆಲಸ ನನ್ನ ತಲೆಗೆ ಬಿದ್ದಿದೆ. ಈ ಸಲ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ನಾಟಕ. ದುರಂತ ನಾಯಕ ಬೀಳುವುದಕ್ಕೆ ಕಾರಣ ಅಂತ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳುವ 'ಹಮಾರ್ತಿಯಾ'ಗೆ ಕನ್ನಡದಲ್ಲಿ ಏನು ಬರೆಯುವುದು ಅಂತ ಜಾಸ್ತಿ ಯೋಚಿಸಲಿಲ್ಲ, ಗೈಡುಗಳಲ್ಲಿ ಓದಿದ್ದ 'ದುರಂತ ದೋಷ'ವನ್ನೇ ಸುಮ್ನೆ ಎತ್ತಿ ಹಾಕಿದೆ. ಓದು ಮುಗಿದ ಮೇಲೆ ಒಬ್ಬರು ಕೇಳಿದರು, "ಸರಿ, ಈಡಿಪಸನಲ್ಲಿ ಯಾವ ದೋಷ ಇತ್ತು?" ಒಬ್ಬರು ಸಿಟ್ಟು ಅಂದರು. ಇನ್ನೊಬ್ಬರು ಅಹಂಕಾರ ಅಂದರು. ಮೂಲೆಯಲ್ಲಿದ್ದ ಒಬ್ಬರು ತಮಾಷೆಗೆ "ಗ್ರಹದೋಷ" ಅಂದರು. ಎಲ್ಲರೂ ನಕ್ಕೆವು. ಆದರೆ ನನ್ನ ತಲೆಗೆ ಹುಳ ಬಿಟ್ಟ ಹಾಗಾಯಿತು, ಯಾಕೆಂದರೆ ತಮಾಷೆ ಮಾಡಿದವರೇ ಪದವನ್ನು ಸರಿಯಾಗಿ ಹಿಡಿದಿದ್ದರು.

ಕನ್ನಡದಲ್ಲಿ ದೋಷ 'ಇರುತ್ತದೆ', ತಪ್ಪು 'ಮಾಡುತ್ತೇವೆ'. ದೃಷ್ಟಿದೋಷ ಇದೆ, ಯಂತ್ರದಲ್ಲಿ ದೋಷ ಇದೆ, ಉಚ್ಚಾರಣೆಯಲ್ಲಿ ದೋಷ ಇದೆ. "ಅವನು ದೋಷ ಮಾಡಿದ" ಅಂತ ಯಾರೂ ಮಾತಾಡುವುದಿಲ್ಲ. "ಅವನದೇನೂ ತಪ್ಪಿಲ್ಲ" ಅನ್ನುತ್ತೇವೆ ನಿಜ, ಅದಕ್ಕೂ ಅವನು ಏನೂ ತಪ್ಪು ಮಾಡಿಲ್ಲ ಅಂತಲೇ ಅರ್ಥ. ಹಾಗಾಗಿ ಟಿಪ್ಪಣಿಯಲ್ಲಿ 'ದೋಷ' ಅಂತ ಕಂಡ ಕೂಡಲೇ ಓದುಗರು ಈಡಿಪಸನ ಸ್ವಭಾವವನ್ನು ತಡಕಾಡಲು ಶುರು ಮಾಡಿದರು. ಎಲ್ಲೋ ಒಳಗೆ ಹುಟ್ಟಿನಿಂದಲೇ ಒಂದು ಬಿರುಕು ಇರಬೇಕು, ಅದನ್ನು ಹುಡುಕಿ ತೆಗೆದರೆ ಉತ್ತರ ಸಿಕ್ಕಿತು ಅನ್ನುವ ಹಾಗೆ. ತಪ್ಪು ಅವರದಲ್ಲ, ನಾನು ಕೊಟ್ಟ ಪದದ್ದು.

ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ (ಪೊಯೆಟಿಕ್ಸ್) 13ನೇ ಅಧ್ಯಾಯದಲ್ಲಿ ಹೇಳುವುದು ಸುಮಾರಾಗಿ ಹೀಗೆ. ತೀರಾ ಒಳ್ಳೆಯವನು ಹಾಳಾದರೆ ನೋಡುವವರಿಗೆ ಅದು ಅಸಹ್ಯ. ಕೆಟ್ಟವನು ಹಾಳಾದರೆ ಕನಿಕರವೂ ಹುಟ್ಟುವುದಿಲ್ಲ, ಭಯವೂ ಹುಟ್ಟುವುದಿಲ್ಲ. ಹಾಗಾಗಿ ಇಬ್ಬರ ನಡುವಿನವನೊಬ್ಬ ಬೇಕು, ಅವನು ಬೀಳುವುದು ಕೆಟ್ಟತನದಿಂದಲ್ಲ, ಯಾವುದೋ ಒಂದು ಹಮಾರ್ತಿಯಾದಿಂದ. ಉದಾಹರಣೆಗೆ ಈಡಿಪಸನ ಹೆಸರನ್ನೇ ತೆಗೆಯುತ್ತಾನೆ. ಈ ಪದದ ಕ್ರಿಯಾರೂಪಕ್ಕೆ ಗ್ರೀಕಿನಲ್ಲಿ ಹಳೆಯ ಅರ್ಥ ಗುರಿ ತಪ್ಪುವುದು. ಹೋಮರನ ಇಲಿಯಡ್‌ನಲ್ಲಿ ಎಸೆದ ಈಟಿ ತಗಲದೆ ಹೋದಾಗ ಬರುವುದು ಇದೇ ಕ್ರಿಯಾಪದ. ಆಮೇಲೆ ಅದೇ ಪದ ತಪ್ಪು ಮಾಡು ಅನ್ನುವ ಅರ್ಥಕ್ಕೂ ಬಂತು. (ಹೊಸ ಒಡಂಬಡಿಕೆಯಲ್ಲೂ ಇದೇ ಹಮಾರ್ತಿಯಾ ಇದೆ, ಕನ್ನಡ ಬೈಬಲ್ಲಿನಲ್ಲಿ ಅದು 'ಪಾಪ'. ಆ ಅರ್ಥವನ್ನು ನಾಟಕಕ್ಕೆ ತಂದರೆ ಕೆಲಸ ಕೆಟ್ಟಿತು.)

ಇಲ್ಲಿಗೆ ಬಂದಾಗ ನನಗೆ ನಗು ಬಂತು. ಗುರಿ ತಪ್ಪುವುದಕ್ಕೂ ತಪ್ಪು ಮಾಡುವುದಕ್ಕೂ ಒಂದೇ ಮಾತು ನಮ್ಮಲ್ಲೂ ಇದೆ ಅಲ್ವಾ! ಬಾಣ ತಪ್ಪಿತು, ದಾರಿ ತಪ್ಪಿತು, ಬಸ್ ತಪ್ಪಿತು, ಲೆಕ್ಕ ತಪ್ಪಿತು. ಇಂಗ್ಲಿಷಿನವರು ಅಡಿಟಿಪ್ಪಣಿ ಹಾಕಿ ವಿವರಿಸುವ ಸಂಬಂಧ ನಮಗೆ ಮಾತಿನಲ್ಲೇ ಇದೆ. ಆದರೂ ನಾವು ಅವರ 'ಟ್ರ್ಯಾಜಿಕ್ ಫ್ಲಾ' ಅನ್ನುವುದನ್ನು ತಂದು 'ದೋಷ' ಮಾಡಿಕೊಂಡಿದ್ದೇವೆ. ಗ್ರೀಕಿನಿಂದ ನೇರವಾಗಿ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಈಗ ಈಡಿಪಸನ ಕಥೆಯನ್ನೇ ಇನ್ನೊಮ್ಮೆ ನೋಡಿ. ಕೊರಿಂತ್‌ನಲ್ಲಿ ಈಡಿಪಸ್ ಸಾಕಿದವರನ್ನೇ ಹೆತ್ತವರು ಅಂದುಕೊಂಡು ಬೆಳೆದಿದ್ದಾನೆ. ಅಲ್ಲಿ ಒಂದು ಔತಣ. ಕುಡಿದವನೊಬ್ಬ, ನೀನು ನಿಮ್ಮಪ್ಪನ ಮಗನೇ ಅಲ್ಲ ಅಂದುಬಿಡುತ್ತಾನೆ. ಈಡಿಪಸ್ ಮನೆಯವರಿಗೆ ಹೇಳದೆ, ದೈವವಾಣಿಗೆ ಹೆಸರಾದ ಡೆಲ್ಫಿಗೆ ಹೋಗಿ ಕೇಳುತ್ತಾನೆ. ಕೇಳಿದ್ದಕ್ಕೆ ಉತ್ತರ ಸಿಗುವುದಿಲ್ಲ, ಬದಲಿಗೆ ಅಪ್ಪನನ್ನು ಕೊಲ್ಲುತ್ತೀಯ, ತಾಯಿಯನ್ನು ಮದುವೆಯಾಗುತ್ತೀಯ ಅಂತ ಬೇರೆಯೇ ಮಾತು ಬರುತ್ತದೆ. ಅದನ್ನು ತಪ್ಪಿಸಬೇಕು ಅಂತ ಕೊರಿಂತ್‌ಗೆ ಬೆನ್ನು ಹಾಕಿ ಹೊರಡುತ್ತಾನೆ. ಮೂರು ದಾರಿ ಕೂಡುವ ಜಾಗ. ಎದುರಿಗೆ ಗಾಡಿಯಲ್ಲಿ ಒಬ್ಬ ಮುದುಕ. ಅವರು ಇವನನ್ನು ದಾರಿಯಿಂದ ಆಚೆ ನೂಕುತ್ತಾರೆ, ನೂಕಿದ ಗಾಡಿಯವನಿಗೆ ಇವನು ಬಾರಿಸುತ್ತಾನೆ. ಇವನು ಪಕ್ಕದಲ್ಲಿ ಹಾದು ಹೋಗುವುದನ್ನೇ ಕಾದಿದ್ದು ಮುದುಕ ಎರಡು ಮೊನೆಯ ಬಾರುಕೋಲಿನಿಂದ ನೆತ್ತಿಗೆ ಹೊಡೆಯುತ್ತಾನೆ. ಈಡಿಪಸನ ಕೈಕೋಲಿನ ಒಂದೇ ಏಟಿಗೆ ಮುದುಕ ಗಾಡಿಯಿಂದ ಉರುಳಿ ಬೀಳುತ್ತಾನೆ. ಎಲ್ಲರನ್ನೂ ಕೊಂದೆ ಅಂತ ಈಡಿಪಸ್ ತಾನೇ ಹೇಳುತ್ತಾನೆ. ಆದರೆ ಇವನಿಗೆ ಗೊತ್ತಿಲ್ಲದೆ ಒಬ್ಬ ತಪ್ಪಿಸಿಕೊಂಡಿದ್ದ, ಕೊನೆಗೆ ಅವನ ಬಾಯಿಂದಲೇ ನಿಜ ಹೊರಬೀಳುತ್ತದೆ.

ಸಿಟ್ಟು ಇರಲಿಲ್ಲ ಅಂತಲ್ಲ. ಆದರೆ ನೆತ್ತಿಗೆ ಪೆಟ್ಟು ಬಿದ್ದರೆ ಎಂಥ ಸಮಾಧಾನಿಯೂ ಕೈ ಎತ್ತಿಯಾನು. ಕೆಟ್ಟದ್ದು ಆ ಮುದುಕ ಯಾರು ಅನ್ನುವುದು ಗೊತ್ತಿಲ್ಲದೆ ಹೋದದ್ದು. ಏಟು ಬಿದ್ದದ್ದು ಅಪರಿಚಿತನಿಗೆ ಅಂದುಕೊಂಡ, ಬಿದ್ದದ್ದು ಅಪ್ಪನಿಗೆ. ಇದನ್ನು 'ದೋಷ' ಅಂತ ಕರೆಯಲು ನನಗಂತೂ ನಾಲಿಗೆ ಹೊರಳುವುದಿಲ್ಲ.

ಇನ್ನೊಂದು ಮಜಾ ಇದೆ. ಈ ಕಥೆಯನ್ನು ಕನ್ನಡದಲ್ಲಿ ಹೇಳುವಾಗ 'ತಪ್ಪು' ತಾನಾಗಿಯೇ ಎಷ್ಟು ಕಡೆ ನುಗ್ಗುತ್ತದೆ! ಭವಿಷ್ಯವನ್ನು ತಪ್ಪಿಸಲು ಹೊರಟ, ತಪ್ಪು ಮಾಡಿದ, ಒಬ್ಬ ತಪ್ಪಿಸಿಕೊಂಡ, ಕೊನೆಗೆ ಭವಿಷ್ಯ ತಪ್ಪಲಿಲ್ಲ. ತಪ್ಪಿಸುವುದು, ತಪ್ಪು, ತಪ್ಪದಿರುವುದು ಮೂರೂ ಒಂದೇ ಬೇರಿನವು. ಇಡೀ ನಾಟಕದ ಹೆಣಿಗೆ ಈ ಒಂದು ಮಾತಿನ ರೂಪಗಳಲ್ಲಿ ಕೂರುತ್ತದೆ. 'ದೋಷ'ಕ್ಕೆ ಈ ಓಡಾಟ ಇಲ್ಲ, ಅದು ಇಟ್ಟಲ್ಲೇ ಇರುತ್ತದೆ. ತೆಲುಗು, ತಮಿಳಿನಲ್ಲೂ ಇದೇ ಮಾತು ತಪ್ಪು ಮಾಡುವುದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಬರುತ್ತದೆ. ಅಲ್ಲಿನ ನಾಟಕದವರು ಹಮಾರ್ತಿಯಾಗೆ ಏನು ಬಳಸುತ್ತಾರೆ, ಬಲ್ಲವರು ಹೇಳಿ.

ಈಡಿಪಸ್ ಒಂದಕ್ಕೇ ಹೊಂದುತ್ತದೆಯೇನೋ ಅಂತ ಸೊಫೊಕ್ಲಿಸನದೇ ಅಂತಿಗೊನೆ ನಾಟಕವನ್ನೂ ತೆಗೆದು ನೋಡಿದೆ. ಸತ್ತ ಸೋದರನ ಹೆಣವನ್ನು ಮಣ್ಣು ಮಾಡಬಾರದು ಅನ್ನುವ ರಾಜಾಜ್ಞೆ ಮೀರಿದ್ದಕ್ಕೆ ಅಂತಿಗೊನೆಯನ್ನು ಗುಹೆಯಲ್ಲಿ ಮುಚ್ಚಿಸುವ ಕಥೆ ಅದು. ಅಲ್ಲಿ ಕುರುಡ ಕಾಲಜ್ಞಾನಿ ಟೈರೀಸಿಯಸ್ ರಾಜ ಕ್ರಿಯಾನ್‌ಗೆ ಬುದ್ಧಿ ಹೇಳುತ್ತಾನೆ: ತಪ್ಪುವುದು ಮನುಷ್ಯರಿಗೆಲ್ಲ ಇದ್ದದ್ದೇ, ತಪ್ಪಿದ ಮೇಲೆ ಸರಿಪಡಿಸಿಕೊಂಡವನು ದಡ್ಡನಲ್ಲ. ಗ್ರೀಕಿನಲ್ಲಿ ಇಲ್ಲಿರುವುದು ಹಮಾರ್ತಿಯಾದ ಬೇರೇ. ಅದಾಗಿ ಹತ್ತು ಸಾಲೂ ಕಳೆದಿರುವುದಿಲ್ಲ, ಕ್ರಿಯಾನ್ ರೇಗಿ ಹೇಳುತ್ತಾನೆ, ಮುದುಕಪ್ಪಾ, ನೀವೆಲ್ಲ ಬಿಲ್ಲುಗಾರರ ಹಾಗೆ ನನ್ನನ್ನೇ ಗುರಿ ಮಾಡಿ ಬಾಣ ಬಿಡುತ್ತಿದ್ದೀರಿ! ಆಮೇಲೆ ಟೈರೀಸಿಯಸ್ ಹೊರಡುವ ಮುಂಚೆ, ಹೌದು, ಬಿಟ್ಟಿದ್ದೇನೆ, ಇವು ಗುರಿ ತಪ್ಪುವ ಬಾಣಗಳಲ್ಲ ಅನ್ನುವ ಅರ್ಥದಲ್ಲಿ ತಿರುಗಿಸಿ ಕೊಡುತ್ತಾನೆ. ಪದದ ಹಳೆಯ ಬಿಲ್ಲುಬಾಣದ ಅರ್ಥ ಸೊಫೊಕ್ಲಿಸನಿಗೆ ಮರೆತಿರಲಿಲ್ಲ ಅಂತ ಇದನ್ನು ಓದಿದರೆ ನನಗನ್ನಿಸುತ್ತದೆ.

ಕ್ರಿಯಾನ್ ಆಮೇಲೆ ಮನಸ್ಸು ಬದಲಿಸುತ್ತಾನೆ. ಮೇಳದವರು, ಅಂದರೆ ನಾಟಕದಲ್ಲಿ ಹಾಡುವ ಹಿರಿಯರ ಗುಂಪು, ಹೇಳುವುದು, ಹೋಗಿ ಹುಡುಗಿಯನ್ನು ಗುಹೆಯಿಂದ ಬಿಡಿಸು, ಬಿದ್ದಿರುವ ಹೆಣಕ್ಕೆ ಗೋರಿ ಮಾಡು. ಅವನು ಮಾಡುವುದು ಹಿಂದುಮುಂದು. ಮೊದಲು ಹೆಣದ ಹತ್ತಿರ ಹೋಗಿ, ತೊಳೆದು, ಸುಟ್ಟು, ಮೇಲೆ ಮಣ್ಣಿನ ದಿಬ್ಬ ಎಬ್ಬಿಸಿ, ಆಮೇಲೆ ಗುಹೆಗೆ ಬರುತ್ತಾನೆ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಾಳೆ. ಅವಳನ್ನು ಮದುವೆಯಾಗಬೇಕಿದ್ದ ಕ್ರಿಯಾನನ ಮಗ ಹೀಮೋನ್ ಕತ್ತಿ ಹಿರಿದು ಅಪ್ಪನ ಮೇಲೆ ಬೀಸುತ್ತಾನೆ, ಅಪ್ಪ ತಪ್ಪಿಸಿಕೊಳ್ಳುತ್ತಾನೆ, ಏಟು ತಪ್ಪುತ್ತದೆ, ಅದೇ ಕತ್ತಿಯನ್ನು ಮಗ ತನ್ನ ಪಕ್ಕೆಗೇ ಇಳಿಸಿಕೊಳ್ಳುತ್ತಾನೆ. ಮಗನ ಹೆಣದೊಂದಿಗೆ ಕ್ರಿಯಾನ್ ಬರುವಾಗ ಮೇಳ ಹೇಳುವುದು, ಇದು ಬೇರೆಯವರು ತಂದ ಕೇಡಲ್ಲ, ತಪ್ಪಿದವನು ಇವನೇ. ಮತ್ತೆ ಅದೇ ಬೇರಿನ ಪದ. ಕ್ರಿಯಾನ್ ಹಟಮಾರಿ, ಒಪ್ಪುತ್ತೇನೆ. ಆದರೆ ಕೊನೆಯ ಕೇಡಿನಲ್ಲಿ ಹಟದ ಜೊತೆಗೆ ಒಂದು ಸಣ್ಣ ಕೆಲಸದ ಸರದಿ ತಪ್ಪಿದ್ದೂ ಇದೆ. ಸ್ವಭಾವದ ದೋಷ ಹುಡುಕುವ ಓದಿನಲ್ಲಿ ಆ ಸರದಿ ಕಣ್ಣಿಗೇ ಬೀಳುವುದಿಲ್ಲ.

ಅರಿಸ್ಟಾಟಲ್‌ಗೆ ಕಥೆಯ ಹೆಣಿಗೆಯೇ ಮೊದಲು, ಪಾತ್ರದ ಸ್ವಭಾವ ಆಮೇಲೆ. 6ನೇ ಅಧ್ಯಾಯದಲ್ಲಿ ಹೆಣಿಗೆಯನ್ನು ದುರಂತ ನಾಟಕದ ಜೀವ ಅಂತಲೇ ಕರೆಯುತ್ತಾನೆ. 'ದೋಷ' ಅಂದರೆ ಹಮಾರ್ತಿಯಾ ಪಾತ್ರದೊಳಗೆ ಹೋಗಿ ಕೂರುತ್ತದೆ, 'ತಪ್ಪು' ಅಂದರೆ ಕಥೆಯೊಳಗೆ ಉಳಿಯುತ್ತದೆ. ನನ್ನ ವಾದ ಇಷ್ಟೇ.

ಶೇಕ್ಸ್‌ಪಿಯರ್‌ಗೆ ಬಂದರೆ ಸ್ವಲ್ಪ ಹೊಂದುತ್ತದೆ, ಸ್ವಲ್ಪ ಹೊಂದುವುದಿಲ್ಲ. ಒಥೆಲೊ ಅಂದರೆ ಸಂಶಯ ಅಂತ ಬಾಯಿಪಾಠ ಮಾಡಿದ್ದೇವಲ್ಲ, ಆ ಕರವಸ್ತ್ರ ಹೇಗೆ ಬಿತ್ತು ಅಂತ ಎಷ್ಟು ಜನ ಗಮನಿಸಿದ್ದೇವೆ? ತಲೆನೋವು ಅಂತಾನೆ, ಹೆಂಡತಿ ಡೆಸ್ಡಿಮೋನಾ ಅದನ್ನು ಅವನ ಹಣೆಗೆ ಕಟ್ಟಲು ಬರುತ್ತಾಳೆ, ಇದು ತೀರಾ ಚಿಕ್ಕದು ಅಂತ ಅವನೇ ಬೇಡ ಅನ್ನುತ್ತಾನೆ, ಅದು ಬೀಳುತ್ತದೆ, ಬಿಡು ಅದನ್ನ ಅಂತ ಅವಳನ್ನು ಕರೆದುಕೊಂಡು ಒಳಗೆ ಹೋಗುತ್ತಾನೆ. ಅವಳ ಸಖಿ ಎಮಿಲಿಯಾ ಎತ್ತಿಕೊಳ್ಳುತ್ತಾಳೆ, ಅಲ್ಲಿಂದ ಎಮಿಲಿಯಾಳ ಗಂಡ, ಸಂಚುಗಾರ ಇಯಾಗೊ ಕೈಗೆ. ಮುಂದೆ ಡೆಸ್ಡಿಮೋನಾಳನ್ನು ಕೊಲ್ಲಲು ಒಥೆಲೊ ಯಾವ ಸಾಕ್ಷಿ ಹಿಡಿದುಕೊಳ್ಳುತ್ತಾನೋ ಅದು ಅವನ ಕಣ್ಣೆದುರಿಗೇ ಕೈತಪ್ಪಿ ಬಿದ್ದದ್ದು. 'ಕೈತಪ್ಪು' ಅನ್ನುವ ಮಾತು ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಕಣ್ತಪ್ಪು, ಬಾಯ್ತಪ್ಪು ಕೂಡ ನಮ್ಮಲ್ಲಿವೆ. ಈಡಿಪಸನ ಹೆಂಡತಿ (ನಿಜದಲ್ಲಿ ತಾಯಿ) ಯೊಕಾಸ್ಟಾ ಅವನಿಗೆ ಧೈರ್ಯ ಹೇಳಲು ಹೋಗಿ, ತನ್ನ ಮೊದಲ ಗಂಡ ಲಾಯಸ್ (ಅದೇ ಮುದುಕ) ಸತ್ತದ್ದು ಮೂರು ದಾರಿ ಕೂಡುವಲ್ಲಿ ಅಂದುಬಿಡುತ್ತಾಳಲ್ಲ, ಅದು ಬಾಯ್ತಪ್ಪಲ್ಲದೆ ಏನು? ಒಂದೇ ಪದದಿಂದ ಇಷ್ಟು ಬಗೆ ಹೇಳಬಹುದು.

ಹ್ಯಾಮ್ಲೆಟ್‌ನದು ಇನ್ನೂ ವಿಚಿತ್ರ. ಅವನ 'ದೋಷ' ಹಿಂಜರಿಕೆ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಪರದೆಯ ಹಿಂದೆ ರಾಜನೇ ಇದ್ದಾನೆ ಅಂದುಕೊಂಡು ಕತ್ತಿ ತೂರಿಸಿ ಮಂತ್ರಿ ಪೊಲೋನಿಯಸ್‌ನನ್ನು ಕೊಲ್ಲುವಾಗ ಹಿಂಜರಿಕೆ ಎಲ್ಲಿ ಹೋಗಿತ್ತು? ಅದು ದುಡುಕಿ ಗುರಿ ತಪ್ಪಿದ್ದು. ಕೊನೆಯ ಅಂಕದಲ್ಲಿ ಪೊಲೋನಿಯಸನ ಮಗ ಲಿಯರ್ಟಿಸ್‌ನ ಹತ್ತಿರ ಕ್ಷಮೆ ಕೇಳುವಾಗ ಹ್ಯಾಮ್ಲೆಟ್ ಹೇಳುವುದು, ಮನೆಯ ಮೇಲೆ ಹಾದು ಆಚೆ ಹೋಗುವಂತೆ ಬಾಣ ಬಿಟ್ಟೆ, ಅದು ನನ್ನ ತಮ್ಮನಿಗೆ ತಗಲಿತು ಅಂದುಕೋ ಅಂತ. ಮತ್ತೆ ಬಾಣ! ಓದುತ್ತಾ ಕುರ್ಚಿಯಿಂದ ಎದ್ದುಬಿಟ್ಟೆ.

ಮ್ಯಾಕ್‌ಬೆತ್ ಹತ್ತಿರ ಮಾತ್ರ ನನ್ನ ವಾದ ಕುಂಟುತ್ತದೆ. ಅವನಿಗೆ ಎಲ್ಲ ಗೊತ್ತು. ಡಂಕನ್ ನನ್ನ ರಾಜ, ನೆಂಟ, ಮನೆಗೆ ಬಂದ ಅತಿಥಿ, ನನ್ನನ್ನು ನೂಕುತ್ತಿರುವುದು ದುರಾಸೆ ಒಂದೇ ಅಂತ ತಾನೇ ಲೆಕ್ಕ ಹಾಕಿ ನೋಡಿ ಆಮೇಲೆ ಕೊಲ್ಲುತ್ತಾನೆ. ಇದಕ್ಕೆ 'ತಪ್ಪು' ಅಂದರೆ ಏನೋ ಹಾಲು ಉಕ್ಕಿಸಿದವರಿಗೆ ಹೇಳಿದ ಹಾಗೆ ಹಗುರ. 'ದೋಷ'ವೇ ಸರಿಯೇನೋ. ಅಥವಾ ಮ್ಯಾಕ್‌ಬೆತ್‌ಗೆ ಹಮಾರ್ತಿಯಾದ ಅಳತೆ ಹಿಡಿಯುವುದೇ ಬೇಡವೋ?

ಹಗುರ ಅನ್ನುವ ಆಕ್ಷೇಪ ಗುಂಪಿನಲ್ಲೂ ಬಂತು. "ತಪ್ಪು ಅಂದರೆ ಕೆಂಪು ಶಾಯಿಯ ಗೆರೆ ಎಳೆದ ಹಾಗಿದೆ, ಶಾಸ್ತ್ರದ ಪದ ಅನ್ನಿಸುವುದಿಲ್ಲ" ಅಂದರು. ಅರಿಸ್ಟಾಟಲ್ ಅದೇ ಅಧ್ಯಾಯದಲ್ಲಿ ಮುಂದೆ 'ದೊಡ್ಡ ಹಮಾರ್ತಿಯಾ' ಅಂತಲೂ ಅನ್ನುತ್ತಾನೆ. ಅಂದರೆ ಪದ ಅವನಿಗೂ ದಿನಬಳಕೆಯದೇ, ಭಾರ ಬೇಕಾದಾಗ ಗುಣವಾಚಕ ಹಚ್ಚಿಕೊಂಡಿದ್ದಾನೆ. ಹಾಗಾದರೆ ನಾವೂ ದೊಡ್ಡ ತಪ್ಪು ಅನ್ನಬಹುದಲ್ಲ. 'ಪ್ರಮಾದ' ಆಗಬಹುದು ಅಂತ ಇನ್ನೊಬ್ಬರ ಸಲಹೆ. ಕೆಟ್ಟದೇನಲ್ಲ, ಆದರೆ ಅದರಲ್ಲಿ ಅಜಾಗ್ರತೆಯ ವಾಸನೆ ಇದೆ, ಈಡಿಪಸ್ ಅಜಾಗ್ರತೆಯವನಲ್ಲ, ಪಾಪ ಜಾಗ್ರತೆ ಜಾಸ್ತಿಯಾಗಿಯೇ ಕೆಟ್ಟ. 'ಎಡವಟ್ಟು' ನನಗಿಷ್ಟ, ಎಡವುವುದನ್ನು ನೆನಪಿಸುವ ಮಾತು, ಈಡಿಪಸ್ ಅಂದರೆ ಊದಿದ ಪಾದದವನು ಅಂತ ಬೇರೆ. ಆದರೆ ಅದನ್ನು ಬರೆದರೆ ಸಭೆಯಲ್ಲಿ ನಗು ಗ್ಯಾರಂಟಿ.

ಹಾಗಾಗಿ ಎರಡು ಪ್ರಶ್ನೆ. ಹಮಾರ್ತಿಯಾಗೆ ಬರೀ 'ತಪ್ಪು' ಅಂತ ಬಳಸಿದ ಕನ್ನಡ ಬರಹ ಯಾರಾದರೂ ನೋಡಿದ್ದೀರಾ? ಇನ್ನೊಂದು, ಬರೀ 'ತಪ್ಪು' ಅಂದರೆ ಮಾಮೂಲಿ ತಪ್ಪಿನ ಜೊತೆ ಕಲಸಿಹೋಗುತ್ತದೆ ಅನ್ನುವವರಿಗೆ 'ಗುರಿತಪ್ಪು' ಅಂತ ಒಂದೇ ಪದವಾಗಿ ಬರೆದರೆ ಹೇಗೆ? ನನ್ನ ಕಿವಿಗೆ ಚೆನ್ನಾಗಿದೆ, ಆದರೆ ನಾನೇ ಹುಟ್ಟಿಸಿದ ಪದ ನನ್ನ ಕಿವಿಗೆ ಚೆನ್ನಾಗಿರುವುದು ದೊಡ್ಡ ಮಾತಲ್ಲ. ಮುಂದಿನ ವಾರ ನಾವು ಓದುವುದು ಮ್ಯಾಕ್‌ಬೆತ್, ಅಷ್ಟರೊಳಗೆ ಯಾರಾದರೂ ಉತ್ತರಿಸಿದರೆ ನನ್ನ ಮಾನ ಉಳಿಯುತ್ತದೆ.