ಕಾರಿನಲ್ಲಿ ರಾಸ್ಪ್‌ಬೆರಿ ಪೈ ಗೇಮಿಂಗ್: ಕರೆಂಟು ಹೇಗೆ ಕೊಡುವುದು?

ಕೇಳಿದವರು, ಹಡಪಸರ, ಪುಣೆ:
ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ರೆಟ್ರೊಪೈ (ಹಳೆಯ ವಿಡಿಯೊ ಗೇಮ್ ಆಡಿಸುವ ತಂತ್ರಾಂಶ) ಹಾಕಿ, 7 ಇಂಚಿನ ಎಚ್‌ಡಿಎಂಐ ಪರದೆಯನ್ನು ಮುಂದಿನ ಸೀಟಿನ ಬೆನ್ನಿಗೆ ಕಟ್ಟಿದ್ದೇನೆ. ಹುಬ್ಬಳ್ಳಿಗೆ ಹೋಗಿಬರುವಾಗ ಹಿಂದೆ ಕೂತ ಮಕ್ಕಳಿಗೆ ಆಡಲು. ಲೈಟರ್ ಸಾಕೆಟ್‌ನಲ್ಲಿ ‘2.4 ಆಂಪ್’ ಎಂದು ಬರೆದ ಚಾರ್ಜರ್, ಅಲ್ಲಿಂದ 2 ಮೀಟರ್ ಕೇಬಲ್. ಪರದೆಯ ಮೇಲೆ ಮಿಂಚಿನ ಗುರುತು ಬರುತ್ತದೆ, ಗೇಮ್ ತಡವರಿಸುತ್ತದೆ. ಚಹಾಕ್ಕೆ ನಿಲ್ಲಿಸಿ ಮತ್ತೆ ಗಾಡಿ ಸ್ಟಾರ್ಟ್ ಮಾಡಿದರೆ ಪೈ ರೀಬೂಟ್ ಆಗುತ್ತದೆ. ಗೊತ್ತಿದ್ದವರು ದಾರಿ ತೋರಿಸಿ.

ಪಿಂಪ್ರಿಯಿಂದ:
ನೋಡ್ರಿ ಸರ, ಮೊದಲ ಕೇಬಲ್ ಬದಲಿ ಮಾಡ್ರಿ, ಚಾರ್ಜರ್ ಆಮ್ಯಾಲ. ಬೋರ್ಡಿಗೆ ಮುಟ್ಟೋ ವೋಲ್ಟೇಜ್ 4.63ರ ಆಸುಪಾಸಿಗಿಂತ ಕೆಳಗ ಇಳದಾಗ ಆ ಮಿಂಚು ಬರ್ತೈತಿ. ತೆಳ್ಳನ ಕೇಬಲ್‌ನ್ಯಾಗ 28 ಗೇಜ್ ತಂತಿ ಇರ್ತೈತಿ, ಮೀಟರಿಗೆ ಸುಮಾರು 0.21 ಓಮ್. ಹೋಗೋ ತಂತಿ, ಬರೋ ತಂತಿ ಎರಡೂ ಹಿಡದ್ರ ನಿಮ್ಮ 2 ಮೀಟರ್ ಕೇಬಲ್ 4 ಮೀಟರ್ ತಂತಿ ಆಯ್ತು, 0.84 ಓಮ್. ಒಂದ ಆಂಪ್ ಹರಿದ್ರೂ 0.84 ವೋಲ್ಟ್ ದಾರ್ಯಾಗ ಹೋತು. ಚಾರ್ಜರ್ ಬಾಯಾಗ 5.1 ಇದ್ರೂ ಪೈಗೆ ಸಿಗೋದು 4.26. ಮ್ಯಾಲ ಎಷ್ಟ ಆಂಪ್ ಬರದಿದ್ರೂ ಏನ್ ಉಪಯೋಗ?

ಕೇಬಲ್ ಹೊದಿಕೆ ಮ್ಯಾಲ ಸಣ್ಣ ಅಕ್ಷರದಾಗ ‘28ಎಡಬ್ಲ್ಯುಜಿ/1ಪಿ, 24ಎಡಬ್ಲ್ಯುಜಿ/2ಸಿ’ ಅಂತ ಏನರ ಇರ್ತೈತಿ. ಎಡಬ್ಲ್ಯುಜಿ ಅಂದ್ರ ಗೇಜ್. 2ಸಿ ಜೋಡಿ ಬರದಿರೋದು ಕರೆಂಟಿನ ತಂತಿ, ಅದನ್ನ ನೋಡ್ರಿ. ನಂಬರ್ ಕಡಿಮಿ ಇದ್ದಷ್ಟೂ ತಂತಿ ದಪ್ಪ. 20 ಗೇಜಿನ ಅರ್ಧ ಮೀಟರ್ ಕೇಬಲ್ ಸಿಕ್ರ ಒಂದೂವರೆ ಆಂಪಿಗೆ ಹೋಗೋದು 0.05 ವೋಲ್ಟ್ ಅಷ್ಟ.

ಗೇಮ್ ನಡದಾಗ ಮಲ್ಟಿಮೀಟರ್‌ಲೆ ಬೋರ್ಡಿನ ಮ್ಯಾಲಿನ ಜಿಪಿಐಒ ಪಿನ್ ಸಾಲಿನ್ಯಾಗ ಪಿನ್ 4 (5 ವೋಲ್ಟ್) ಮತ್ತು 6ರ (ಗ್ರೌಂಡ್) ನಡುವ ಅಳೀರಿ. 4.9ರ ಮ್ಯಾಲ ಇದ್ರ ಚಿಂತಿಲ್ಲ. ಕೈ ಮಾತ್ರ ಅಲುಗಬಾರದು: 5 ವೋಲ್ಟಿನ ಪಿನ್ 3.3ರ ಪಿನ್ನಿಗೆ ತಾಗಿದ್ರ ಬೋರ್ಡ್ ಹೋದಂಗ.

ಥಾಣೆಯಿಂದ:
ಮೇಲಿನವರ ಲೆಕ್ಕ ಸರಿ. ಆದರೆ ಡ್ಯಾಶ್‌ಬೋರ್ಡಿನಿಂದ ಹಿಂದಿನ ಸೀಟಿಗೆ ಅರ್ಧ ಮೀಟರ್ ಸಾಲದು. ಹಾಗಾಗಿ 5 ವೋಲ್ಟನ್ನು ಅಷ್ಟು ದೂರ ಎಳೆಯಲೇಬೇಡಿ. 12 ವೋಲ್ಟನ್ನೇ ಸೀಟಿನ ತನಕ ಒಯ್ದು, ಪೈ ಪಕ್ಕದಲ್ಲೇ ಬಕ್ ಕನ್ವರ್ಟರ್ (12 ವೋಲ್ಟನ್ನು 5ಕ್ಕೆ ಇಳಿಸುವ ಮಾಡ್ಯೂಲ್) ಇಡಿ. 12ರಲ್ಲಿ ಅರ್ಧ ವೋಲ್ಟ್ ಬಿದ್ದರೂ ಕನ್ವರ್ಟರ್‌ಗೆ ಲೆಕ್ಕಕ್ಕಿಲ್ಲ.

ಆಟದ ವೇಳೆ ಪೈ 4 ಎಳೆಯುವುದು 1ರಿಂದ 1.3 ಆಂಪ್, ಪರದೆ ಸುಮಾರು ಅರ್ಧ ಆಂಪ್, ವೈರ್ ಇರುವ ಕಂಟ್ರೋಲರ್ ಒಂದಕ್ಕೆ 0.1. ಎಲ್ಲ ಸೇರಿ 2 ಆಂಪ್‌ನ ಹತ್ತಿರ. ಇಂಥ ಕನ್ವರ್ಟರ್‌ಗಳಲ್ಲಿ ಎಲ್‌ಎಂ2596 ಮಾಡ್ಯೂಲ್‌ಗೆ 3 ಆಂಪ್ ಎನ್ನುತ್ತಾರೆ, ಆದರೆ ಹೀಟ್‌ಸಿಂಕ್ ಇಲ್ಲದೆ 2 ದಾಟಿದರೆ ಕೈಯಿಡಲಾಗದಷ್ಟು ಕಾಯುತ್ತದೆ. 5 ಆಂಪಿನ ಎಕ್ಸ್‌ಎಲ್4015 ತೆಗೆದುಕೊಳ್ಳಿ. ಕೊಳ್ಳಲು ನಿಮಗೆ ಬುಧವಾರ ಪೇಠೆಯ ತಪಕೀರ್ ಗಲ್ಲಿ ಹತ್ತಿರ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್.

ಮಾಡ್ಯೂಲ್ ತಂದ ಕೂಡಲೇ ಪೈಗೆ ಜೋಡಿಸಬೇಡಿ. ಹೊಸದರಲ್ಲಿ ಎಷ್ಟು ವೋಲ್ಟ್‌ಗೆ ತಿರುಗಿಸಿಟ್ಟಿರುತ್ತಾರೋ ಹೇಳಲಾಗದು. ಒಳಗೆ ಬಂದ 12 ಹೆಚ್ಚುಕಡಿಮೆ ಹಾಗೆಯೇ ಹೊರಗೂ ಬರಬಹುದು. ಮೊದಲು ಖಾಲಿ ಇಟ್ಟು, ಹಿತ್ತಾಳೆಯ ಸಣ್ಣ ತಿರುಪನ್ನು ತಿರುಗಿಸುತ್ತ ಮೀಟರಿನಲ್ಲಿ 5.1 ತನ್ನಿ. ಹತ್ತಾರು ಸುತ್ತು ತಿರುಗಿಸಿದ ಮೇಲೆ ಬದಲಾಗಲು ಶುರುವಾಗಬಹುದು, ಗಾಬರಿ ಬೇಡ. ಆಮೇಲೆ ತಿರುಪಿನ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಬಿಡಿ, ರಸ್ತೆಯ ಅಲುಗಾಟಕ್ಕೆ ತಿರುಗದು. 12 ವೋಲ್ಟ್ ಲೈನನ್ನು ಫ್ಯೂಸ್ ಬಾಕ್ಸ್‌ನಿಂದ ಫ್ಯೂಸ್ ಟ್ಯಾಪ್‌ನಲ್ಲಿ (ಇರುವ ಫ್ಯೂಸಿನ ಜಾಗದಿಂದ ಇನ್ನೊಂದು ತಂತಿ ಎಳೆಯುವ ಅಡಾಪ್ಟರ್) ತೆಗೆದು, ಅಲ್ಲೇ 3 ಆಂಪ್ ಫ್ಯೂಸ್ ಹಾಕಿ. ಕನ್ವರ್ಟರ್ ಮುಂದೆ 18 ವೋಲ್ಟಿನ ಟಿವಿಎಸ್ ಡಯೋಡ್ ಇದ್ದರೆ ಆಲ್ಟರ್ನೇಟರ್‌ನಿಂದ ಒಮ್ಮೆಲೆ ಏರಿ ಬರುವ ವೋಲ್ಟೇಜಿನ ಏಟನ್ನು ಅದು ತಡೆಯುತ್ತದೆ. ಪರದೆಗೆ ಕರೆಂಟು ಕನ್ವರ್ಟರ್‌ನಿಂದಲೇ ಬೇರೆಯಾಗಿ ಕೊಡಿ. ಪೈ 4ರ ನಾಲ್ಕೂ ಯುಎಸ್‌ಬಿ ಸೇರಿ ಕೊಡುವುದೇ 1.2 ಆಂಪ್.

ಮಡಗಾಂವ್‌ನಿಂದ:
ರೀಬೂಟ್ ಆಗುವುದಕ್ಕೆ ಕಾರಣವೇ ಬೇರೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9–10 ವೋಲ್ಟ್‌ಗೆ ಇಳಿದರೂ ಬಕ್ ಕನ್ವರ್ಟರ್ 5 ಕೊಡುತ್ತಲೇ ಇರುತ್ತದೆ. ಆದರೆ ಕೀಲಿ ಸ್ಟಾರ್ಟ್‌ಗೆ ತಿರುಗಿದಾಗ ಅನೇಕ ಕಾರುಗಳು ಆಕ್ಸೆಸರಿ ಲೈನನ್ನೇ (ರೇಡಿಯೊ, ಸಾಕೆಟ್ ಮುಂತಾದವಕ್ಕೆ ಕರೆಂಟು ಕೊಡುವ ಲೈನ್) ಕಡಿದುಬಿಡುತ್ತವೆ. ಲೈಟರ್ ಸಾಕೆಟ್ ಆ ಲೈನಿನಲ್ಲಿದ್ದರೆ ಎಷ್ಟು ದುಬಾರಿ ಚಾರ್ಜರ್ ಹಾಕಿದರೂ ಪೈ ಆರುತ್ತದೆ. ಇಗ್ನಿಷನ್ ಗುಂಪಿನ ಫ್ಯೂಸ್‌ಗಳಲ್ಲಿ ಕೆಲವು ಸೆಲ್ಫ್ ಹೊಡೆಯುವಾಗಲೂ ಜೀವಂತ ಇರುತ್ತವೆ. ಒಬ್ಬರು ಸ್ಟಾರ್ಟ್ ಮಾಡುತ್ತಿರಲಿ, ಇನ್ನೊಬ್ಬರು ಮೀಟರ್ ಹಿಡಿದು ಅಂಥದ್ದನ್ನು ಹುಡುಕಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಟ್ರೋಲ್ ಫ್ಯೂಸ್‌ಗಳನ್ನು ಮುಟ್ಟಬೇಡಿ. ಸದಾ ಆನ್ ಇರುವ ಬ್ಯಾಟರಿ ಲೈನಂತೂ ಬೇಡ. 12 ವೋಲ್ಟ್ ಕಡೆ 1 ಆಂಪ್ ಎಳೆದರೂ ರಾತ್ರಿ ಹತ್ತು ಗಂಟೆಗೆ 10 ಆಂಪ್-ಅವರ್. ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿಗೆ ಅದು ಭಾರ.

ನಡುವೆ ಪವರ್ ಬ್ಯಾಂಕ್ ಇಡುವುದಾದರೆ ಮನೆಯಲ್ಲೇ ಪರೀಕ್ಷಿಸಿ. ಗೇಮ್ ಓಡುತ್ತಿರಲಿ, ಚಾರ್ಜರ್ ಅನ್ನು ಹತ್ತು ಸಲ ಚುಚ್ಚಿ ತೆಗೆಯಿರಿ. ಎಷ್ಟೋ ಪವರ್ ಬ್ಯಾಂಕ್‌ಗಳು ಆ ಕ್ಷಣಕ್ಕೆ ಔಟ್‌ಪುಟ್ ನಿಲ್ಲಿಸಿಬಿಡುತ್ತವೆ, ಅಂಥದ್ದು ಪ್ರಯೋಜನವಿಲ್ಲ. ನಿಲ್ಲಿಸಿದ ಕಾರಿನ ಬಿಸಿಲಲ್ಲಿ ಅದನ್ನು ಬಿಟ್ಟು ಇಳಿಯಬೇಡಿ.

ಹಠಾತ್ತಾಗಿ ಕರೆಂಟು ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು. ಜಿಪಿಐಒ-ಶಟ್‌ಡೌನ್ ಓವರ್‌ಲೇ (ಪೈಯ ಸೆಟ್ಟಿಂಗ್ ಕಡತಕ್ಕೆ ಸೇರಿಸುವ ಒಂದು ಸಾಲು) ಹಾಕಿ ಪಿನ್ 5 ಮತ್ತು 6ರ ನಡುವೆ ಒಂದು ಪುಶ್ ಬಟನ್ ಕೊಡಿ: ಒತ್ತಿದರೆ ಕ್ರಮವಾಗಿ ಆರುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಮಕ್ಕಳ ಸೇವ್ ಉಳಿಯಬೇಕಾದರೆ ರೆಟ್ರೊಪೈ ಒಳಗೆ ಗೇಮ್ ಓಡಿಸುವ ರೆಟ್ರೊಆರ್ಕ್‌ನಲ್ಲಿ ಸೇವ್‌ರ‍್ಯಾಮ್ ಆಟೊಸೇವ್ ಅಂತರವನ್ನು 60 ಸೆಕೆಂಡ್‌ಗೆ ಇಡಿ. ಇಲ್ಲದಿದ್ದರೆ ಗೇಮ್ ಮುಚ್ಚಿದಾಗ ಮಾತ್ರ ಅದು ಕಾರ್ಡಿಗೆ ಬರೆಯುತ್ತದೆ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಬರಿಯ ತಾಮ್ರದ ಜೋಡಣೆ ಹಸಿರಾಗುತ್ತದೆ. ಬೆಸುಗೆ ಹಾಕಿ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಏರಿಸಿ.

ಕೇಳಿದವರು:
ಬಹಳ ಉಪಕಾರ. ಇನ್ನೆರಡು ಪ್ರಶ್ನೆ: ಪೈಯ ಸದ್ದನ್ನು ಕಾರಿನ ಸ್ಟೀರಿಯೊಗೆ ಕೊಡಲು ಆಕ್ಸ್ ಕೇಬಲ್ ಹಾಕಿದರೆ ಎಂಜಿನ್ ಜೊತೆ ಏರಿಳಿಯುವ ಕೀರಲು ದನಿ ಬರುತ್ತದೆ. ಮತ್ತೆ, ಪೈ 5 ತಗೊಂಡರೆ ಇದೇ ವ್ಯವಸ್ಥೆ ನಡೆಯುತ್ತದೆಯೇ?

ಥಾಣೆಯಿಂದ:
ಆ ಕೀರಲು ಗ್ರೌಂಡ್ ಲೂಪ್‌ನದು: ಪೈ ಮತ್ತು ಸ್ಟೀರಿಯೊ ಎರಡು ದಾರಿಯಲ್ಲಿ ಗ್ರೌಂಡಿಗೆ ಸೇರಿದಾಗ ಹೀಗಾಗುತ್ತದೆ. ಆಕ್ಸ್ ದಾರಿಯಲ್ಲಿ 3.5 ಎಂಎಂ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ಅಥವಾ ಬ್ಲೂಟೂತ್‌ನಲ್ಲಿ ಕಳಿಸಿ. ಪೈ 5 ಕೇಳುವುದು 5 ವೋಲ್ಟ್ 5 ಆಂಪ್. 65 ವಾಟ್ ಎಂದಿರುವ ಸಾಮಾನ್ಯ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಚಾರ್ಜರ್ ಕೂಡ 5 ವೋಲ್ಟ್‌ನಲ್ಲಿ 3 ಆಂಪ್ ಮಾತ್ರ ಕೊಡುತ್ತದೆ. ಆಗ ಪೈ ತನ್ನ ಯುಎಸ್‌ಬಿಗಳಿಗೆ ಒಟ್ಟು 600 ಮಿಲಿಆಂಪ್‌ನ ಮಿತಿ ಹಾಕಿಕೊಳ್ಳುತ್ತದೆ. ಎರಡು ಕಂಟ್ರೋಲರ್‌ಗೆ ಅಷ್ಟು ಸಾಕು, ಹಾಗಾಗಿ ಆ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಬಲವಂತವಾಗಿ ತೆಗೆಯಲು ಹೋಗಬೇಡಿ.