ಗಿಡ ಹಗಲು ಉಸಿರಾಡಲ್ವಾ? ಮನೆಯವರ ಗುಂಪಲ್ಲಿ ಎದ್ದ ವಾದ

ದೊಡ್ಡಪ್ಪ (ಮಂಡ್ಯ): ಫಾರ್ವರ್ಡ್: “ಗಿಡಗಳು ಹಗಲು ಇಂಗಾಲದ ಡೈಆಕ್ಸೈಡ್ ಉಸಿರಾಡಿ ಆಮ್ಲಜನಕ ಬಿಡುತ್ತವೆ. ರಾತ್ರಿ ಉಲ್ಟಾ. ಅರಳಿಮರ ಮಾತ್ರ 24 ಗಂಟೆಯೂ ಆಮ್ಲಜನಕ ಕೊಡುತ್ತದೆ. ಎಲ್ಲರಿಗೂ ಕಳಿಸಿ.”

ನಾನು: ದೊಡ್ಡಪ್ಪ, ದಯವಿಟ್ಟು ಕಳಿಸ್ಬೇಡಿ. ಗುಂಪಲ್ಲಿ ಓದೋ ಮಕ್ಕಳಿದಾರೆ, ಪರೀಕ್ಷೇಲೂ ಇದನ್ನೇ ಬರೀತಾರೆ. ಬಿಸಿಲಲ್ಲಿ ಎಲೆ ಮಾಡೋದು ಅಡುಗೆ: ನೀರು, ಇಂಗಾಲದ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿ. ಉಸಿರಾಟ ಅಂದ್ರೆ ಆ ಸಕ್ಕರೇನ ಆಮ್ಲಜನಕದ ಜೊತೆ ಒಡೆದು ಶಕ್ತಿ ತೆಗೆಯೋದು. ಅದು ಹಗಲು ರಾತ್ರಿ ಅನ್ನದೆ ನಡೀತಾನೇ ಇರುತ್ತೆ.

ದೊಡ್ಡಪ್ಪ: ಹಗಲೂ ಉಸಿರಾಡಿದ್ರೆ ಆಮ್ಲಜನಕ ಹೆಂಗಪ್ಪ ಆಚೆ ಬರುತ್ತೆ?

ನಾನು: ಒಳ್ಳೆ ಬಿಸಿಲಲ್ಲಿ ಆ ಅಡುಗೇಲಿ ತಯಾರಾಗೋ ಆಮ್ಲಜನಕ ಉಸಿರಾಟಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಮಿಕ್ಕಿದ್ದು ಆಚೆ ಬರುತ್ತೆ. ಕತ್ತಲಾದ್ರೆ ತಯಾರಿ ನಿಲ್ಲುತ್ತೆ, ಖರ್ಚು ನಿಲ್ಲಲ್ಲ. ನೀರಲ್ಲಿ ಮುಳುಗಿಸಿದ ಎಲೆ ಬೆಳಕಲ್ಲಿ ಮಾತ್ರ ಆಮ್ಲಜನಕದ ಗುಳ್ಳೆ ಬಿಡುತ್ತೆ ಅನ್ನೋದನ್ನ ವಿಜ್ಞಾನಿ ಯಾನ್ ಇಂಗೆನ್‌ಹೌಸ್ 1779ರಲ್ಲೇ ತೋರಿಸಿದ್ರು. ಅದೆಲ್ಲ ಯಾಕೆ, ಬಿತ್ತನೆ ಭತ್ತ ನೆನೆಸಿ ಗೋಣಿಚೀಲದಲ್ಲಿ ಕಟ್ಟಿ ಹುಲ್ಲು ಮುಚ್ತೀರಲ್ಲ, ಅಲ್ಲಿ ಎಲೆ ಇಲ್ಲ, ಬಿಸಿಲೂ ಇಲ್ಲ. ಒಳಗೆ ಹೆಂಗಿರುತ್ತೆ?

ಅತ್ತೆ: ಕಾವು ಕಣೋ! ಚೀಲದೊಳಕ್ಕೆ ಕೈ ತೂರ್ಸಿದ್ರೆ ಮಧ್ಯದಲ್ಲಿ ಬಿಸಿ, ಬೆವರಿದಂಗೆ ತೇವ. ನೀರು ಚಿಮುಕಿಸ್ದೆ ಬಿಟ್ರೆ ಮೊಳಕೆ ಬೆಂದೋಗ್ತದೆ.

ನಾನು: ಆ ಕಾವೇ ಉಸಿರಾಟ. ಕಾಳಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಖರ್ಚಾಗ್ತಿದೆ.

ಚಿಕ್ಕಪ್ಪ: ಕಡಿದ ಕಬ್ಬು ಗಾಡೀಲೇ ನಿಂತ್ರೆ ಸಕ್ಕರೆ ಇಳಿಯೋದೂ ಇದಕ್ಕೇನಾ?

ನಾನು: ಒಂದು ಪಾಲು ಇದಕ್ಕೆ. ಜಲ್ಲೆ ಕಡಿದ ಮೇಲೂ ಉಸಿರಾಡುತ್ತೆ. ಸುಕ್ರೋಸ್ (ಕಬ್ಬಿನ ಸಕ್ಕರೆ) ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗೋದು, ಬ್ಯಾಕ್ಟೀರಿಯಾ ತಿನ್ನೋದು ಬೇರೆ. ತೂಕ ಹೋಗೋದು ಮಾತ್ರ ಹೆಚ್ಚಾಗಿ ನೀರು ಆರಿ.

ದೊಡ್ಡಪ್ಪ: ಅರಳಿಮರದ ಮಾತು ತಪ್ಪಿಸ್ಬೇಡ.

ನಾನು: ತಪ್ಪಿಸ್ತಿಲ್ಲ. ಎಲೆ ಬಿಡೋ ಆಮ್ಲಜನಕ ಬರೋದು ನೀರನ್ನ ಒಡೆದು, ಅದಕ್ಕೆ ಬೆಳಕೇ ಬೇಕು. ಕಳ್ಳಿ, ಅನಾನಸ್ ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಇಟ್ಕೊಳ್ತವೆ, ಆದ್ರೆ ಅವೂ ಆಮ್ಲಜನಕ ಬಿಡೋದು ಹಗಲಲ್ಲೇ. ಅರಳಿಕಟ್ಟೆ ಸುತ್ತೋಕೆ, ಕೈ ಮುಗಿಯೋಕೆ ಈ ಸುಳ್ಳು ಬೇಕಾಗಿಲ್ಲ.

ಅತ್ತಿಗೆ (ಮೈಸೂರು): ಮಲಗೋ ಕೋಣೇಲಿ ಎರಡು ಕುಂಡ ಇದೆ. ಆಚೆ ಇಡ್ಲಾ?

ನಾನು: ಬೇಡ ಅತ್ತಿಗೆ. ಪಕ್ಕದಲ್ಲಿ ಮಲಗಿರೋರು ಬಿಡೋದಕ್ಕಿಂತ ಅವು ಬಿಡೋ ಡೈಆಕ್ಸೈಡ್ ತೀರಾ ಕಡಿಮೆ. ಕಿಟಕಿ ಹತ್ರ ಇಡಿ, ಬೆಳಕು ಸಿಗ್ಲಿ.

ದೊಡ್ಡಪ್ಪ: ಭತ್ತದ ಮಾತು ಒಪ್ದೆ. ಅರಳಿದು ಒಪ್ಪಲ್ಲ.

ನಾನು: ಸರಿ, ಭಾನುವಾರ ಊರಿಗೆ ಬಂದಾಗ ಕೂತು ಮಾತಾಡೋಣ. ಅಲ್ಲೀವರೆಗೂ ಬೇರೆ ಗುಂಪಿಗೆ ಕಳಿಸ್ಬೇಡಿ.