ಸೊರೊರಿಟಿಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ನಮಸ್ಕಾರ. ನಾಳೆ ಬೆಳಿಗ್ಗೆ ಪುರವಣಿಗೆ ಲೇಖನ ಕೊಡಬೇಕು, ಒಂದೇ ಪದಕ್ಕೆ ನಿಂತುಹೋಗಿದೆ. ವಿಷಯ ಆಲ್ಫಾ ಕಪ್ಪಾ ಆಲ್ಫಾ: 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು ಕಟ್ಟಿದ ಸೊರೊರಿಟಿ, ಅಂದರೆ ಅಮೆರಿಕದ ಕಾಲೇಜು ಹೆಣ್ಣುಮಕ್ಕಳ ಕೂಟ. ಕಮಲಾ ಹ್ಯಾರಿಸ್ ಇದರ ಸದಸ್ಯೆ. ‘ವಿದ್ಯಾರ್ಥಿನಿಯರ ಸಂಘ’ ಎಂದು ಬರೆದು ಹೊಡೆದುಹಾಕಿದೆ. ಏಕೆಂದರೆ ಕಾಲೇಜು ಮುಗಿದರೂ ಈ ನಂಟು ಮುಗಿಯುವುದಿಲ್ಲ. 1935ರಿಂದ ಹಲವು ಬೇಸಿಗೆ ಮಿಸಿಸಿಪಿಯ ಬಡವರಿಗೆ ಚಿಕಿತ್ಸೆ ಕೊಡಲು ಹೋದ ಇದರ ವೈದ್ಯೆಯರು, ದಾದಿಯರು ವಿದ್ಯಾರ್ಥಿನಿಯರಲ್ಲ. ತೋಟದ ಮಾಲೀಕರು ಕೂಲಿಗಳನ್ನು ಹೊರಗೆ ಬಿಡದಿದ್ದಾಗ ಇವರೇ ಕಾರುಗಳಲ್ಲಿ ಔಷಧಿ ಹೇರಿಕೊಂಡು ಅವರಿದ್ದಲ್ಲಿಗೆ ಹೋದರು. ‘ಸೋದರಿ ಸಂಘ’ ಎಂದರೆ ‘ಸೋದರ ಸಂಸ್ಥೆ’ಯ ಅಚ್ಚುದೋಷದಂತೆ ಕಾಣುತ್ತದೆ.

ಮರು: ಯೋಚಿಸುವುದೇನಿದೆ? ಲ್ಯಾಟಿನ್ನಿನ ‘ಸೊರೊರ್’, ಸಂಸ್ಕೃತದ ‘ಸ್ವಸೃ’ ಒಂದೇ ಬೇರಿನವು, ಎರಡಕ್ಕೂ ಸೋದರಿ ಎಂದೇ ಅರ್ಥ. ‘ಸ್ವಸೃಮಂಡಲ’ ಎನ್ನಿ.

ಮರು: ಅದನ್ನು ಉಚ್ಚರಿಸುವಷ್ಟರಲ್ಲಿ ಓದುಗ ಪುಟ ಮಗುಚಿರುತ್ತಾನೆ. ‘ಒಡಹುಟ್ಟು’ ಎಂಬ ಅಚ್ಚಗನ್ನಡ ಪದ ಇರುವಾಗ ಬೇರೆಯವರ ಬಾಗಿಲು ಏಕೆ ತಟ್ಟಬೇಕು? ‘ಒಡಹುಟ್ಟುಕೂಟ’.

ಮರು: ಒಡಹುಟ್ಟಿನಲ್ಲಿ ಅಣ್ಣತಮ್ಮಂದಿರೂ ಬಂದು ಕೂರುತ್ತಾರಲ್ಲ ಸರ್! ಅಮೆರಿಕದಲ್ಲೂ ಹೆಣ್ಣುಮಕ್ಕಳ ಇಂಥ ಕೂಟಗಳನ್ನು ಮೊದಲು ಫ್ರೆಟರ್ನಿಟಿ (ಸೋದರತ್ವ) ಎಂದೇ ಕರೆಯುತ್ತಿದ್ದರು. 1882ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಗಾಮಾ ಫೈ ಬೀಟಾ ಎಂಬ ಕೂಟಕ್ಕೆ ‘ಸೊರೊರಿಟಿ’ ಎಂಬುದನ್ನು ಸೂಚಿಸಿದವರು ಅಲ್ಲಿನ ಲ್ಯಾಟಿನ್ ಅಧ್ಯಾಪಕ ಫ್ರಾಂಕ್ ಸ್ಮಾಲಿ. ಅವರಿಗೂ ‘ಸೋದರತ್ವ’ ಸಾಲಲಿಲ್ಲ ಎಂದಾಯಿತು. ನಮ್ಮ ನಿಜವಾದ ತೊಡಕು ಸಂಬೋಧನೆಯದು. ಆಲ್ಫಾ ಕಪ್ಪಾ ಆಲ್ಫಾದವರು ಒಬ್ಬರನ್ನೊಬ್ಬರು ‘ಸೊರೊರ್’ ಎನ್ನುತ್ತಾರೆ, ಹಿರಿಕಿರಿಯ ಭೇದವಿಲ್ಲದೆ. ನಾವೋ ವಯಸ್ಸು ಅಂದಾಜಿಸದೆ ಬಾಯಿ ತೆರೆಯುವಂತಿಲ್ಲ: ಅಕ್ಕನೋ, ತಂಗಿಯೋ? ‘ಸೋದರಿ’ ವೇದಿಕೆಯ ಭಾಷಣಕ್ಕೆ ಸರಿ, ಕಾಫಿಗೆ ಕರೆಯಲು ಆಗದು. ‘ಅಕ್ಕನ ಬಳಗ’ ಊರೂರಲ್ಲಿದೆ, ಆದರೆ ಅಲ್ಲಿನ ಅಕ್ಕ ಅಕ್ಕಮಹಾದೇವಿ, ಅದನ್ನು ಮುಟ್ಟಬೇಡಿ. ‘ಬಳಗ’ವನ್ನು ಮಾತ್ರ ತೆಗೆದುಕೊಳ್ಳಿ, ಅದರಲ್ಲಿ ನೆಂಟಸ್ತಿಕೆಯ ವಾಸನೆಯಿದೆ. ‘ಸೋದರಿಯರ ಬಳಗ’.

ಮರು: ‘ಸೋದರಿ’ ಎರವಲು. ಒಪ್ಪುವುದಿಲ್ಲ.

ಮರು: ‘ಕಾಲೇಜು’ ಕೂಡ ಎರವಲು. ಮೊದಲು ಅದಕ್ಕೊಂದು ಪದ ಕಟ್ಟಿ ಬನ್ನಿ.

ಮರು: ಕಟ್ಟಿದರೆ ಬಳಸುವವರು ಯಾರು? ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಕನ್ನಡದ್ದು ಎಂದ ಕೂಡಲೇ ನಗು!

ಮರು: ಎಲ್ಲರಿಗೂ ಧನ್ಯವಾದ. ಶೀರ್ಷಿಕೆಯಲ್ಲಿ ‘ಸೊರೊರಿಟಿ’, ಮೊದಲ ಪ್ಯಾರಾದಲ್ಲಿ ಒಮ್ಮೆ ‘ಸೋದರಿಯರ ಬಳಗ’. ಸಂಬೋಧನೆಯ ‘ಸೊರೊರ್’ ಹಾಗೆಯೇ ಉಳಿಸಿದೆ. ಲೇಖನ ಕಳುಹಿಸಿಯಾಯಿತು.

ಮರು: ‘ಸ್ವಸೃ’ವನ್ನು ಅಡಿಟಿಪ್ಪಣಿಯಲ್ಲಾದರೂ ಸೇರಿಸಬಹುದಿತ್ತು.